ದೊಡ್ಡ ಸ್ವಾಮಿಯವರ ಲೆಕ್ಕ, ದೇವರ ಲೆಕ್ಕ

 

ಮುಂದಿನ ವಾರ ನಮ್ಮ ಯೂತ್ ಟೀಮ್ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಕಡೆ ಸೇವೆಗೆ ಹೊರಡ್ತಿದೆ. ದೇವರಿಗೆ ಸ್ತೋತ್ರ. ನಿಮ್ಮ ವಾಟ್ಸಾಪ್ ಗ್ರೂಪ್ ನಾನೂ ನೋಡಿದೆ. ಗಿಟಾರ್ ಯಾರು ತರ್ತಾರೆ, ಪವರ್ ಬ್ಯಾಂಕ್ ಎಷ್ಟು ಬೇಕು, ಎಲ್ಲಾ ಪ್ಲಾನ್ ಆಗಿದೆ. ಒಳ್ಳೇದು. ಕೊನೆಯಲ್ಲಿ ಒಬ್ಬರು ಒಂದು ಪ್ರಶ್ನೆ ಹಾಕಿದ್ರು: ಪಾಸ್ಟರ್, ಎಷ್ಟು ಆತ್ಮಗಳ ಟಾರ್ಗೆಟ್ ಇಟ್ಕೊಳ್ಳೋಣ? ಆ ಪ್ರಶ್ನೆಗೆ ಉತ್ತರವಾಗಿ ಇವತ್ತು ಒಬ್ಬ ಮನುಷ್ಯನ ಜೀವಿತ ಹೇಳ್ತೀನಿ. ಇನ್ನೂರು ವರ್ಷಕ್ಕೂ ಹಿಂದೆ ನೀವು ಹೋಗ್ತಿರೋ ಅದೇ ಸೀಮೆಗೆ ಬಂದವರು ಇವರು.

ಹೆಸರು ಅಬ್ಬೆ ದುಬಾಯ್. ದುಬೈ ಅಲ್ಲ, ನಗಬೇಡಿ. ಅಬ್ಬೆ ಅಂದ್ರೆ ನಮ್ಮ ಹಳೆಗನ್ನಡದಲ್ಲಿ ತಾಯಿ. ಫ್ರೆಂಚ್ ಭಾಷೆಯಲ್ಲಿ ಅದು ಪಾದ್ರಿಗಳನ್ನ ಗೌರವದಿಂದ ಕರೆಯೋ ಮಾತು. ಇವರು ಕಥೋಲಿಕರು, ನಾವು ಪೆಂತೆಕೋಸ್ತಿನವರು. ಉಪದೇಶದಲ್ಲಿ ವ್ಯತ್ಯಾಸ ಇದೆ, ಅದನ್ನ ಮುಚ್ಚಿಡಲ್ಲ. ಆದರೆ ಕಲಿಯೋದಕ್ಕೆ ಬಹಳ ಇದೆ.

ಹುಟ್ಟಿದ್ದು ದಕ್ಷಿಣ ಫ್ರಾನ್ಸಿನ ಒಂದು ಹಳ್ಳಿಯಲ್ಲಿ. ಪೂರ್ತಿ ಹೆಸರು ಜಾನ್ ಆಂತ್ವಾನ್ ದುಬಾಯ್. 1792ರಲ್ಲಿ ಪಾದ್ರಿಯಾಗಿ ಅಭಿಷೇಕ, ಅದೇ ವರ್ಷ ಹಡಗು ಹತ್ತಿ ಭಾರತಕ್ಕೆ. ಆಗ ಫ್ರಾನ್ಸಿನಲ್ಲಿ ಕ್ರಾಂತಿಯ ಬೆಂಕಿ. ಅದೇ ವರ್ಷ ಪ್ಯಾರಿಸ್‌ನಲ್ಲಿ ಪಾದ್ರಿಗಳನ್ನ ಹಿಡಿದು ಕೊಂದರು. ಮೊದಲ ಕೆಲವು ವರ್ಷ ತಮಿಳು ಸೀಮೆಯಲ್ಲಿ ಸೇವೆ ಮಾಡಿದ್ರು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸುಲ್ತಾನ್ ಸತ್ತರು. ಆ ಕೋಟೆಯ ಊರಲ್ಲಿ ಒಂದು ಚದುರಿಹೋದ ಕ್ರೈಸ್ತ ಸಭೆ ಇತ್ತು. 1784ರಲ್ಲಿ ಕೆನರಾ ಕರಾವಳಿಯಿಂದ ಸೆರೆಹಿಡಿದು ನಡೆಸಿಕೊಂಡು ಬಂದ ಕುಟುಂಬಗಳವರು ಅದರಲ್ಲಿದ್ದರು. ಬಲವಂತದಿಂದ ನಂಬಿಕೆ ಬಿಡಬೇಕಾಗಿ ಬಂದವರೂ ಇದ್ದರು. ಅವರನ್ನ ಮತ್ತೆ ಕೂಡಿಸೋದಕ್ಕೆ ಯಾರು? ಇಂಗ್ಲಿಷರ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿಯ ಬೆಂಬಲದಿಂದ ದುಬಾಯ್ ಮೈಸೂರು ಸೀಮೆಗೆ ಬಂದರು. ಆ ಕಾಲಕ್ಕೆ ಇಂಗ್ಲಿಷರಿಗೂ ಫ್ರೆಂಚರಿಗೂ ಯುದ್ಧ. ನಮ್ಮ ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಅನ್ನೋ ಹೆಸರು ಬಂದಿದ್ದೇ ಹೈದರ್, ಟಿಪ್ಪು ಕಡೆಯ ಫ್ರೆಂಚ್ ಸೈನಿಕರು ಅಲ್ಲಿ ಬೀಡು ಬಿಟ್ಟಿದ್ದಕ್ಕೆ. ಅಂಥಾ ಊರಿಗೆ ಈಗ ಒಬ್ಬ ಫ್ರೆಂಚ್ ಮನುಷ್ಯ ಬಂದೂಕಿಲ್ಲದೆ ಬಂದ.

ಬಂದವರು ಹೇಗೆ ಬದುಕಿದ್ರು? ಯೌವನಸ್ಥರೇ, ಇದನ್ನ ಗಮನಿಸಿ. ಸಾಹೇಬರ ಬಂಗಲೆ ಕಡೆ ಹೋಗಲಿಲ್ಲ. ಬಿಳಿ ನಿಲುವಂಗಿ, ತಲೆಗೆ ರುಮಾಲು, ಉದ್ದ ಗಡ್ಡ. ಚಿತ್ರಕಾರ ಥಾಮಸ್ ಹಿಕ್ಕಿ ಬರೆದ ಅವರ ಚಿತ್ರ ನೋಡಿದ್ರೆ ನಮ್ಮ ಯಾವುದೋ ಮಠದ ಹಿರಿಯರು ಅನ್ಕೋಬೇಕು, ಹಾಗಿದ್ದಾರೆ. ಊಟ, ಉಡುಗೆ, ಕೂರೋದು, ಮಾತಾಡೋದು ಎಲ್ಲಾ ಈ ನಾಡಿನವರ ಹಾಗೆ. ಜನಕ್ಕೆ ಅಸಹ್ಯ ಆಗೋ ಯಾವುದನ್ನೂ ಮಾಡಲಿಲ್ಲ. ಜನ ಅವರಿಗೆ ಇಟ್ಟ ಹೆಸರು ದೊಡ್ಡ ಸ್ವಾಮಿಯವರು. 1 ಕೊರಿಂಥ 9ನೇ ಅಧ್ಯಾಯದಲ್ಲಿ ಪೌಲನು ಹೇಳೋದನ್ನ ಈ ಮನುಷ್ಯ ಮೈಮೇಲೆ ಧರಿಸಿಕೊಂಡ್ರು.

ಯುದ್ಧದಿಂದ ಗತಿಯಿಲ್ಲದವರಾಗಿದ್ದ ಕ್ರೈಸ್ತರಿಗೆ ಬೇಸಾಯದ ನೆಲೆ ಮಾಡಿಕೊಟ್ರು. ಹಾಸನದ ಹತ್ತಿರದ ಸಾತಹಳ್ಳಿಯ ಕ್ರೈಸ್ತರು ಇವತ್ತಿಗೂ ಅವರ ಹೆಸರು ನೆನೆಸ್ತಾರೆ. ಆಮೇಲೆ ಸಿಡುಬು. ನಮ್ಮ ಅಜ್ಜಿಯರ ಕಾಲದಲ್ಲೂ ಅಮ್ಮ ಬಂದಿದ್ದಾಳೆ ಅಂತ ಬೇವಿನ ಸೊಪ್ಪು ಕಟ್ಟಿ ಬಾಗಿಲು ಹಾಕ್ತಿದ್ದ ರೋಗ. ಭಾರತಕ್ಕೆ ಲಸಿಕೆ ಮೊದಲು ಬಂದಿದ್ದು 1802ರಲ್ಲಿ. ಆಗ ಈಗಿನ ಹಾಗೆ ಸೀಸೆ, ಸಿರಿಂಜು ಇಲ್ಲ. ಒಬ್ಬರ ತೋಳಿನ ಬೊಕ್ಕೆಯಿಂದ ತೆಗೆದ ಕೀವು ಇನ್ನೊಬ್ಬರ ತೋಳಿಗೆ ಹಾಕಬೇಕು. ಜಾತಿ ನೋಡಿ ನೀರು ಕುಡಿಯೋ ನಾಡಲ್ಲಿ ಇದಕ್ಕೆ ಯಾರು ತೋಳು ಕೊಡ್ತಾರೆ? 2021ರಲ್ಲಿ ಕೊರೋನಾ ಲಸಿಕೆ ಹಾಕಿಸ್ಕೊಳ್ಳಿ ಅಂತ ನಮ್ಮ ಮನೆ ಹಿರಿಯರನ್ನ ಒಪ್ಪಿಸೋಕೆ ನಾವೆಷ್ಟು ಕಷ್ಟಪಟ್ವಿ, ನೆನಪಿದೆಯಲ್ಲ? ಈ ಸ್ವಾಮಿಯವರು 1803-04ರ ಸುಮಾರಿಗೆ 25 ಸಾವಿರಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿಸಿದ್ರು. ಜನ ತೋಳು ಕೊಟ್ಟಿದ್ದು ಲಸಿಕೆ ನಂಬಿ ಅಲ್ಲ, ಮನುಷ್ಯನನ್ನ ನಂಬಿ. ಸೂಜಿಗಿಂತ ಮುಂಚೆ ಸ್ನೇಹ ಹೋಗಿತ್ತು.

ಲೋಕಕ್ಕೆ ಅವರ ಹೆಸರು ಗೊತ್ತಾಗಿದ್ದು ಒಂದು ಪುಸ್ತಕದಿಂದ. ಇಲ್ಲಿಯ ಜನರ ಆಚಾರ ವಿಚಾರದ ಮೇಲಿನ ಆ ಹಸ್ತಪ್ರತಿಯನ್ನ 1807ರಲ್ಲಿ ಕಂಪನಿ ಸರ್ಕಾರ 2,000 ವರಹ ಕೊಟ್ಟು ಕೊಂಡುಕೊಂಡಿತು. 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯ್ತು. ಆದರೆ ಸತ್ಯ ಹೇಳಬೇಕಲ್ಲ, ಅದರ ಬಹುಪಾಲು ಅವರಿಗಿಂತ ಮುಂಚೆ ಇದ್ದ ಕೂರ್ದೂ ಅನ್ನೋ ಪಾದ್ರಿಯ ಬರಹದಿಂದ ತೆಗೆದಿದ್ದು ಅಂತ ಮುಂದೆ ವಿದ್ವಾಂಸರು ತೋರಿಸಿಕೊಟ್ರು. ದೇವರ ಸೇವಕರಲ್ಲೂ ಕೊರತೆ ಇರುತ್ತೆ. ಬೈಬಲ್ ದಾವೀದನ ಪಾಪವನ್ನ ಮುಚ್ಚಿಡಲಿಲ್ಲ, ನಾವ್ಯಾಕೆ ಇದನ್ನ ಮುಚ್ಚಿಡೋಣ?

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. 1823ರಲ್ಲಿ, ಭಾರತಕ್ಕೆ ಬಂದು 31 ವರ್ಷ ಆದ ಮೇಲೆ, ಅವರು ಈ ದೇಶ ಬಿಟ್ಟು ಹೋದರು. ಅದೇ ವರ್ಷ ಲಂಡನ್ನಿನಲ್ಲಿ ಅವರ ಪತ್ರಗಳ ಪುಸ್ತಕ ಬಂತು. ಅದರಲ್ಲಿ ಏನಿತ್ತು ಗೊತ್ತಾ? ಈ ನಾಡಲ್ಲಿ ಸುವಾರ್ತೆ ಬೇರೂರೋದು ಆಗದ ಕೆಲಸ ಅಂತ ಬರೆದಿದ್ರು. 25 ವರ್ಷ ದುಡಿದು ತನಗೆ ಸಿಕ್ಕಿದ್ದು ಇನ್ನೂರರಿಂದ ಮುನ್ನೂರು ಜನ, ಅದರಲ್ಲೂ ಹೆಚ್ಚಿನವರು ಹೊಲೆಯರು, ಭಿಕ್ಷುಕರು, ಊರಿಂದ ಹೊರಗೆ ಹಾಕಿಸಿಕೊಂಡವರು ಅಂತ ಲೆಕ್ಕ ಕೊಟ್ರು. ಬೈಬಲನ್ನ ಈ ದೇಶದ ಭಾಷೆಗಳಿಗೆ ತರೋದೂ ಪ್ರಯೋಜನ ಇಲ್ಲ ಅಂದ್ರು. ಅವರಿಗೆ ಉತ್ತರ ಕೊಟ್ಟು ಬೇರೆ ಮಿಷನರಿಗಳು ಪುಸ್ತಕಗಳನ್ನೇ ಬರೆದ್ರು.

ಇಲ್ಲಿ ನನಗೆ ಗಂಟಲು ಕಟ್ಟುತ್ತೆ. ಮೊದಲ ಸಲ ಇದನ್ನ ಓದಿದಾಗ ಸಿಟ್ಟು ಬಂತು. ಸ್ವಾಮಿ, ಭಿಕ್ಷುಕರು ಬಂದ್ರೆ ಅದು ಸೋಲಾ? ಲೂಕ 14ರ ಔತಣದಲ್ಲಿ ಕೊನೆಗೆ ಒಳಗೆ ಬಂದು ಕೂತವರು ಯಾರು? ಬಡವರು, ಊನರು, ಬೀದಿಯಲ್ಲಿದ್ದವರು. ದೇವರು ಔತಣ ಅಂದಿದ್ದನ್ನ ದೊಡ್ಡ ಸ್ವಾಮಿಯವರು ನಷ್ಟ ಅಂತ ಬರೆದುಕೊಂಡ್ರು. ಜನರ ಉಡುಗೆ ತೊಟ್ಟರು, ಆದರೆ ಆ ಉಡುಗೆ ಜೊತೆ ಮೇಲು ಕೀಳು ಅನ್ನೋ ಕಣ್ಣೂ ಬಂದುಬಿಟ್ಟಿತು.

ಆಮೇಲೆ ಸಿಟ್ಟು ಇಳಿದು ನಾಚಿಕೆ ಬಂತು. ಯಾಕಂದ್ರೆ ನಾನೂ ಎಣಿಸಿದ್ದೀನಿ. ಸೇವೆಗೆ ಬಂದ ಹೊಸದರಲ್ಲಿ ಒಂದು ಹಳ್ಳಿಯಲ್ಲಿ ಮೂರು ದಿನ ಕೂಟ ಮಾಡಿ, ನಾಲ್ಕೇ ಜನ ಬಂದ್ರು ಅಂತ ಅಳ್ತಾ ಬಸ್ ಹತ್ತಿದ್ದೆ. ಆ ನಾಲ್ಕು ಜನರ ಹೆಸರು ಕೇಳಿದ್ನಾ? ಇಲ್ಲ. ಸಂಖ್ಯೆ ನೆನಪಿದೆ, ಹೆಸರು ಒಂದೂ ನೆನಪಿಲ್ಲ.

1 ಅರಸುಗಳು 19 ತೆಗೀರಿ. ಎಲೀಯನು ಗವಿಯಲ್ಲಿ ಕೂತು ಲೆಕ್ಕ ಹಾಕಿದ. ಅವನ ಲೆಕ್ಕದಲ್ಲಿ ಉಳಿದವನು ಒಬ್ಬನೇ. ದೇವರ ಲೆಕ್ಕದಲ್ಲಿ 7,000. ಯಾರ ಲೆಕ್ಕ ಸರಿ? ಜೋರಾಗಿ ಹೇಳಿ! ಆಮೆನ್.

ದುಬಾಯ್ ಪ್ಯಾರಿಸ್‌ಗೆ ಹೋಗಿ, ಮಿಷನರಿಗಳನ್ನ ತಯಾರು ಮಾಡೋ ಸಂಸ್ಥೆಯಲ್ಲೇ ಸೇವೆ ಮಾಡಿ, ಅದರ ಮುಖ್ಯಸ್ಥರೂ ಆಗಿ, 1848ರಲ್ಲಿ ತೀರಿಕೊಂಡ್ರು. ಆಗದು ಅಂತ ಬರೆದ ಕೈಯೇ ಇತರರನ್ನ ಕಳಿಸ್ತಿತ್ತು. ಅವರು ಬೇಡ ಅಂದ ಕೆಲಸವನ್ನ ಅದೇ ಕಾಲದಲ್ಲಿ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮಾಡ್ತಿದ್ರು, ಬೈಬಲನ್ನ ಕನ್ನಡಕ್ಕೆ ತರ್ತಿದ್ರು. ಇವತ್ತು ನಿಮ್ಮ ಮೊಬೈಲಿನಲ್ಲಿ ಕನ್ನಡ ಬೈಬಲ್ ಇದೆ. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಅವರ ಹೆಸರಿನ ಚರ್ಚ್ ಇನ್ನೂ ನಿಂತಿದೆ. ಹೋದಾಗ ಐದು ನಿಮಿಷ ಅದರ ಮುಂದೆ ನಿಲ್ಲಿ. ಸೆಲ್ಫಿ ಆಮೇಲೆ.

ಟಾರ್ಗೆಟ್ ಕೇಳಿದವರಿಗೆ ನನ್ನ ಉತ್ತರ ಇಷ್ಟು. ದೊಡ್ಡ ಸ್ವಾಮಿಯವರ ಹಾಗೆ ಜನರ ಜಗುಲಿ ಮೇಲೆ ಕೂತ್ಕೊಳ್ಳಿ, ಕೊಟ್ಟ ಮುದ್ದೆ ಸಂತೋಷದಿಂದ ತಿನ್ನಿ, ಅಜ್ಜಿಯ ಕಾಯಿಲೆ ವಿಚಾರಿಸಿ. ಆದರೆ ಅವರ ಹಾಗೆ ಲೆಕ್ಕ ಹಾಕಬೇಡಿ. ಸಂಖ್ಯೆ ಬೇಡ, ಪ್ರತಿಯೊಬ್ಬರೂ ವಾಪಸ್ ಬರುವಾಗ ಒಂದು ಹೆಸರು ತನ್ನಿ. ಆ ಹೆಸರಿಗಾಗಿ ವರ್ಷವಿಡೀ ಪ್ರಾರ್ಥಿಸೋಣ.

ತಲೆಬಾಗಿ ಪ್ರಾರ್ಥಿಸೋಣ. ಪರಲೋಕದ ತಂದೆಯೇ, ನಾವು ಕಡಿಮೆ ಅಂತ ಬಿಟ್ಟುಬಂದವರನ್ನ ನೀನು ಹೆಸರು ಹಿಡಿದು ಕರೆಯುವ ದೇವರು. ನಮ್ಮ ಕಣ್ಣು ತೆರೆಯಪ್ಪಾ. ಈ ಮಕ್ಕಳ ಪ್ರಯಾಣವನ್ನ ಕಾಯಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.