ಲ್ಯೂಯಿಸ್ ಕ್ಯಾರಲ್ ಮಹಾಶಯರೂ ಅವರ ವಾಚಕರೂ

ಮಕ್ಕಳ ಕೈಗೆ, ಅದರಲ್ಲಿಯೂ ಹೆಣ್ಣುಮಕ್ಕಳ ಕೈಗೆ, ಎಂತಹ ಪುಸ್ತಕಗಳನ್ನು ಕೊಡತಕ್ಕದ್ದೆಂಬ ವಿಷಯದಲ್ಲಿ ತಂದೆತಾಯಿಗಳಿಗೆ ಎಂದೂ ಏಕಾಭಿಪ್ರಾಯವಿದ್ದುದಿಲ್ಲ. ನೀತಿಯನ್ನು ಬೋಧಿಸದ ಕಥೆಯಿಂದ ಫಲವೇನು, ಇಲ್ಲದ ಲೋಕದ ಸುದ್ದಿಯನ್ನು ಓದಿ ಇರುವ ಲೋಕದ ಪಾಠವು ಕೆಡುವುದಿಲ್ಲವೇ ಎಂದು ಶಂಕಿಸುವವರು ವಿಜಯಪುರ ಪಟ್ಟಣದಲ್ಲಿಯೂ ಉಂಟು. ತಿಕೋಟಾ ಬಬಲೇಶ್ವರಗಳಿಂದ ಮಗಳನ್ನು ವಿದ್ಯೆಗಾಗಿ ಪಟ್ಟಣಕ್ಕೆ ಕಳುಹಿಸುವ ಮನೆಗಳಲ್ಲಿಯೂ ಉಂಟು. ಈ ಶಂಕೆಯನ್ನು ನಾವು ಹಗುರಾಗಿ ಕಾಣುವುದಿಲ್ಲ. ಮಳೆಯನ್ನು ನಂಬಿ ಬದುಕುವ ಮನೆಯಲ್ಲಿ ಮಗಳ ಓದಿನ ಒಂದು ತಾಸಿಗೂ ಬೆಲೆಯುಂಟು. ಇದೇ ಶಂಕೆಯು ಆಂಗ್ಲ ದೇಶದಲ್ಲಿ 1865ನೆಯ ಇಸವಿಯಲ್ಲಿ ಒಂದು ಚಿಕ್ಕ ಪುಸ್ತಕದ ನಿಮಿತ್ತವಾಗಿ ತಲೆದೋರಿತ್ತು. ಆ ಪುಸ್ತಕದ ಕರ್ತೃವು ಪೋಲಿ ಬರಹಗಾರನಲ್ಲ, ಗಣಿತ ಶಾಸ್ತ್ರದ ಉಪಾಧ್ಯಾಯರು. ಅಷ್ಟೇ ಅಲ್ಲ, ಸಭೆಯ ದೀಕ್ಷೆಯನ್ನು ಹೊಂದಿದವರು. ಅವರ ಚರಿತ್ರೆಯನ್ನು ನಮ್ಮ ಹಿಂದಿನ ವಿದ್ಯಾರ್ಥಿನಿಯರಿಗೂ ಅವರ ಪಾಲಕರಿಗೂ ಸಂಗ್ರಹವಾಗಿ ತಿಳಿಸುವೆವು.

ಲ್ಯೂಯಿಸ್ ಕ್ಯಾರಲ್ ಎಂಬುದು ಇವರು ತಾವಾಗಿ ಇಟ್ಟುಕೊಂಡ ಹೆಸರು. ತಂದೆತಾಯಿಗಳು ಇಟ್ಟ ಹೆಸರು ಚಾರ್ಲ್ಸ್ ಲಟ್ವಿಜ್ ಡಾಜ್ಸನ್. 1832ನೆಯ ಇಸವಿ ಜನವರಿ 27ರಂದು ಚೆಷೈರ್ ಪ್ರಾಂತದ ಡೇರ್ಸ್‌ಬರಿ ಎಂಬ ಹಳ್ಳಿಯ ಸಭಾಪಾಲಕರ ಮನೆಯಲ್ಲಿ ಇವರ ಜನನವಾಯಿತು. ಹನ್ನೊಂದು ಮಕ್ಕಳಲ್ಲಿ ಇವರು ಮೂರನೆಯವರು, ಗಂಡುಮಕ್ಕಳಲ್ಲಿ ಹಿರಿಯರು. ಒಡಹುಟ್ಟಿದವರಲ್ಲಿ ಏಳು ಮಂದಿ ಹೆಣ್ಣುಮಕ್ಕಳು. ಸುತ್ತಲೂ ಹೊಲಗಳು, ಹತ್ತಿರದಲ್ಲಿ ನೆರೆಮನೆಯಿಲ್ಲ. ತಮ್ಮ ತಂಗಿಯರಿಗೆ ಈ ಅಣ್ಣನೇ ಆಟದ ಗುರು. 1843ರಲ್ಲಿ ತಂದೆಗೆ ಯಾರ್ಕ್‌ಷೈರಿನ ಕ್ರಾಫ್ಟ್ ಗ್ರಾಮಕ್ಕೆ ವರ್ಗವಾಗಲು ಸಂಸಾರವು ಅಲ್ಲಿಗೆ ಹೋಯಿತು. ಅಲ್ಲಿ ಈ ಬಾಲಕನು ಮನೆಯವರ ಓದಿಗಾಗಿಯೇ ಕೈಬರಹದ ಪತ್ರಿಕೆಗಳನ್ನು ಹೊರಡಿಸುತ್ತಿದ್ದನು. ಹಾಸ್ಯದ ಪದ್ಯಗಳೂ ಚಿತ್ರಗಳೂ ಅವುಗಳಲ್ಲಿ ತುಂಬಿರುತ್ತಿದ್ದವು. ಮುಂದೆ ಲೋಕವೆಲ್ಲ ಓದಿದ ಬರಹದ ಬೀಜವು ಮನೆಯ ಪಡಸಾಲೆಯಲ್ಲಿಯೇ ಬಿದ್ದಿತ್ತು.

ಇವರಿಗೆ ಮಾತಿನಲ್ಲಿ ತೊದಲು ಇದ್ದಿತು. ಒಡಹುಟ್ಟಿದವರಲ್ಲಿ ಹಲವರಿಗೂ ಇದೇ ತೊಂದರೆ. 1846ರಿಂದ ಸುಮಾರು ನಾಲ್ಕು ವರ್ಷ ರಗ್ಬಿಯ ಪ್ರಸಿದ್ಧ ಪಾಠಶಾಲೆಯಲ್ಲಿದ್ದರು. ಬಹುಮಾನಗಳು ದೊರೆತವು, ಸುಖವು ದೊರೆಯಲಿಲ್ಲ. ಆ ದಿನಗಳನ್ನು ಮತ್ತೊಮ್ಮೆ ಕಳೆಯಲು ಯಾವ ಆಸೆಗೂ ಒಪ್ಪಲಾರೆನೆಂದು ಮುಂದೆ ಬರೆದಿಟ್ಟರು. 1851ರ ಜನವರಿಯಲ್ಲಿ ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜನ್ನು ಸೇರಿದ ಎರಡೇ ದಿನಗಳಲ್ಲಿ ತಾಯಿಯು ತೀರಿಕೊಂಡ ವಾರ್ತೆ ಬಂದು ಹಿಂದಿರುಗಬೇಕಾಯಿತು. ಆದರೂ ಓದನ್ನು ಬಿಡದೆ 1854ರಲ್ಲಿ ಗಣಿತದಲ್ಲಿ ಪ್ರಥಮ ವರ್ಗವನ್ನು ಪಡೆದು, ಮರುವರ್ಷದಿಂದ 1881ರ ವರೆಗೆ ಅದೇ ಕಾಲೇಜಿನಲ್ಲಿ ಗಣಿತದ ಉಪನ್ಯಾಸಕರಾಗಿದ್ದರು. 1861ರ ಡಿಸೆಂಬರಿನಲ್ಲಿ ಸಭಾಸೇವಕರಾಗಿ, ಅಂದರೆ ಡೀಕನ್ ಆಗಿ, ದೀಕ್ಷೆ ಹೊಂದಿದರು. ಅದರ ಮುಂದಿನ ಯಾಜಕ ಪದವಿಗೆ ಮಾತ್ರ ಹೋಗಲಿಲ್ಲ. ವಿವಾಹವನ್ನೂ ಮಾಡಿಕೊಳ್ಳಲಿಲ್ಲ. 1856ರಲ್ಲಿ ಒಂದು ಮಾಸಪತ್ರಿಕೆಗೆ ಪದ್ಯವನ್ನು ಕಳುಹಿಸುವಾಗ ತಮ್ಮ ಎರಡು ಹೆಸರುಗಳನ್ನು ಲ್ಯಾಟಿನ್ ಭಾಷೆಗೆ ತಿರುಗಿಸಿ, ಹಿಂದುಮುಂದು ಮಾಡಿ, ಮತ್ತೆ ಇಂಗ್ಲಿಷಿಗೆ ತಂದು, ಲ್ಯೂಯಿಸ್ ಕ್ಯಾರಲ್ ಎಂಬ ಹೆಸರನ್ನು ಕಟ್ಟಿಕೊಂಡರು. ಗಣಿತದ ಗ್ರಂಥಗಳಿಗೆ ಒಂದು ಹೆಸರು, ನಗೆಯ ಗ್ರಂಥಗಳಿಗೆ ಇನ್ನೊಂದು.

ಆ ಕಾಲೇಜಿನ ಮುಖ್ಯಸ್ಥರಾಗಿದ್ದವರು ಗ್ರೀಕ್ ನಿಘಂಟನ್ನು ರಚಿಸಿ ಹೆಸರಾದ ಲಿಡ್ಡೆಲ್ ಎಂಬವರು. ಅವರ ಮೂವರು ಹೆಣ್ಣುಮಕ್ಕಳಾದ ಲೊರೀನಾ, ಆಲಿಸ್, ಈಡಿತ್ ಎಂಬವರನ್ನು ಕರೆದುಕೊಂಡು ಡಾಜ್ಸನ್‌ರೂ ಅವರ ಸ್ನೇಹಿತರಾದ ಡಕ್‌ವರ್ತ್ ಎಂಬ ಪಾದ್ರಿಗಳೂ 1862ನೆಯ ಇಸವಿ ಜುಲೈ 4ರಂದು ನದಿಯಲ್ಲಿ ದೋಣಿಯನ್ನು ನಡೆಸುತ್ತ ಗಾಡ್‌ಸ್ಟೋ ಗ್ರಾಮದ ಕಡೆಗೆ ಹೊರಟರು. ಮಕ್ಕಳು ಕಥೆಗಾಗಿ ಪೀಡಿಸಲು, ಮುಂದೇನು ಹೇಳಬೇಕೆಂದು ತಮಗೇ ತಿಳಿಯದೆ, ಇವರು ಒಬ್ಬ ಹುಡುಗಿಯನ್ನು ಮೊಲದ ಬಿಲದೊಳಕ್ಕೆ ಇಳಿಸಿಬಿಟ್ಟರು. ಆಗ ಹತ್ತು ವರ್ಷದವಳಾಗಿದ್ದ ಆಲಿಸಳು ಅದನ್ನು ಬರೆದು ಕೊಡಲೇಬೇಕೆಂದು ಹಠ ಹಿಡಿದಳು. ಎರಡು ವರ್ಷಗಳಿಗೂ ಮಿಕ್ಕಿ ಶ್ರಮಪಟ್ಟು, ಅಂದವಾದ ಅಕ್ಷರಗಳಲ್ಲಿ ಬರೆದು, ತಮ್ಮ ಕೈಯಿಂದಲೇ 37 ಚಿತ್ರಗಳನ್ನು ಹಾಕಿ, 1864ರ ನವೆಂಬರಿನಲ್ಲಿ ಆ ಹಸ್ತಪ್ರತಿಯನ್ನು ಅವಳಿಗೆ ಕಳುಹಿಸಿಕೊಟ್ಟರು. ಅದರ ಹೆಸರು ಭೂಮಿಯ ಕೆಳಗೆ ಆಲಿಸಳ ಸಾಹಸಗಳು ಎಂಬ ಅರ್ಥವನ್ನು ಕೊಡುವಂತಹದು.

ಇದನ್ನು ಅಚ್ಚು ಹಾಕಿಸಬಹುದೇ ಎಂಬ ತೀರ್ಪನ್ನು ಕೊಟ್ಟವರು ಮಕ್ಕಳೇ. ಜಾರ್ಜ್ ಮ್ಯಾಕ್‌ಡೊನಾಲ್ಡ್ ಎಂಬ ಗ್ರಂಥಕರ್ತರ ಮನೆಗೆ 1863ರಲ್ಲಿ ಕಥೆಯನ್ನು ಕಳುಹಿಸಿದಾಗ ಅವರ ಪತ್ನಿಯು ಅದನ್ನು ತನ್ನ ಮಕ್ಕಳಿಗೆ ಓದಿ ಹೇಳಿದಳು. ಆರೇಳು ವರ್ಷದ ಮಗ ಗ್ರೆವಿಲ್ ಎಂಬವನು ಇಂತಹ ಪುಸ್ತಕದ ಅರವತ್ತು ಸಾವಿರ ಪ್ರತಿಗಳಾದರೂ ಇರಬೇಕೆಂದನಂತೆ. ದೊಡ್ಡವರ ಮಾತು ಬೇರೆಯಾಗಿತ್ತು. ಚಿತ್ರಗಾರರಾದ ಟೆನ್ನಿಯಲ್ ಮಹಾಶಯರು ಅಚ್ಚಿನ ಅಂದವು ಸಾಲದೆನ್ನಲು, ಮೊದಲು ಅಚ್ಚಾದ 2000 ಪ್ರತಿಗಳನ್ನು ಕರ್ತೃವು ತಮ್ಮ ನಷ್ಟದಲ್ಲಿಯೇ ಹಿಂತೆಗೆದುಕೊಂಡರು; ಅದಾಗಲೇ ಸ್ನೇಹಿತರಿಗೆ ಕೊಟ್ಟಿದ್ದವುಗಳನ್ನೂ ತರಿಸಿಕೊಂಡು ಮಕ್ಕಳ ಆಸ್ಪತ್ರೆಗಳಿಗೆ ದಾನಮಾಡಿದರು. 1865ರ ನವೆಂಬರಿನಲ್ಲಿ ಪುಸ್ತಕವು ಎರಡನೆಯ ಸಾರಿ ಹೊರಬಿದ್ದಾಗ, ಅಥೀನಿಯಂ ಎಂಬ ಗಣ್ಯ ಪತ್ರಿಕೆಯ ವಿಮರ್ಶಕರು ಇದು ಪ್ರಯಾಸದಿಂದ ಕಟ್ಟಿದ ಬಿಗಿಯಾದ ಕಥೆ, ನಿಜವಾದ ಮಗುವು ಇದನ್ನು ಓದಿ ಮುಗ್ಧವಾಗುವುದಕ್ಕಿಂತ ಗಲಿಬಿಲಿಗೊಳ್ಳುವುದೇ ಹೆಚ್ಚು ಎಂಬ ಅಭಿಪ್ರಾಯವನ್ನು ಕೊಟ್ಟರು. ಕೆಲವರು ಟೆನ್ನಿಯಲ್‌ರ ಚಿತ್ರಗಳನ್ನು ಹೊಗಳಿ ಕಥೆಯನ್ನು ಸಹಿಸಿಕೊಂಡರು. ಹೊಗಳಿದವರೂ ಇದ್ದರೆನ್ನಿ. ಆದರೆ ನಿಜವಾದ ಮಗು ಎಂದು ಆ ವಿಮರ್ಶಕರು ಯಾರನ್ನು ಕುರಿತು ಬರೆದರೋ ಆ ಮಗುವನ್ನು ಅವರು ಕೇಳಿದಂತೆ ಕಾಣುವುದಿಲ್ಲ. 1897ರಲ್ಲಿ ಅಚ್ಚಾದ ಪ್ರತಿಯ ಮೇಲೆ ಎಂಬತ್ತಾರನೆಯ ಸಾವಿರವೆಂಬ ಲೆಕ್ಕವು ಮುದ್ರಿತವಾಗಿತ್ತು. ಆ ಬಾಲಕನು ಬಯಸಿದ್ದಕ್ಕಿಂತಲೂ ಅಧಿಕವಾಯಿತು.

ಕಥೆಯನ್ನು ಓದದಿರುವವರಿಗೆ ಎರಡು ಮಾತು. ಅಂಗಿಯ ಕಿಸೆಯಿಂದ ಗಡಿಯಾರವನ್ನು ತೆಗೆದು ನೋಡಿಕೊಂಡು ಓಡುವ ಮೊಲದ ಹಿಂದೆ ಹೋಗಿ, ಆಲಿಸ್ ಬಾವಿಯಂತಹ ಒಂದು ಆಳಕ್ಕೆ ಬೀಳುತ್ತಾಳೆ. ನಮ್ಮ ತಾಜ್ ಬಾವಡಿಯ ಮೆಟ್ಟಲುಗಳ ಮೇಲೆ ನಿಂತು ಕೆಳಗೆ ಇಣುಕಿದ ಯಾವ ಹುಡುಗಿಗೂ ಆ ಆಳವನ್ನು ವರ್ಣಿಸಿ ಹೇಳಬೇಕಾಗಿಲ್ಲ. ಬಿದ್ದ ಮೇಲೆ ಕಾಣುವುದು ನಮ್ಮ ಲೋಕದ ಪಕ್ಕದಲ್ಲಿಯೇ ಇದ್ದು ಬೇರೆ ಕಟ್ಟಳೆಗಳಿಂದ ನಡೆಯುವ ಮತ್ತೊಂದು ಲೋಕ. ಅಲ್ಲಿ ಅವಳ ದೇಹವು ಬೆಳೆಯುತ್ತದೆ, ಕುಗ್ಗುತ್ತದೆ. ಬಾಯಿಪಾಠ ಒಪ್ಪಿಸಹೋದರೆ ಬೇರೆಯೇ ಹೊರಡುತ್ತದೆ. ಐಸಾಕ್ ವಾಟ್ಸ್ ಎಂಬ ದೈವಭಕ್ತರು ಮಕ್ಕಳ ಉದ್ಧಾರಕ್ಕಾಗಿ ಬರೆದ ನೀತಿಪದ್ಯಗಳನ್ನು ಆ ಕಾಲದ ಇಂಗ್ಲಿಷ್ ಮಕ್ಕಳೆಲ್ಲ ಕಂಠಪಾಠ ಮಾಡುತ್ತಿದ್ದರು. ಶ್ರಮಜೀವಿಯಾದ ಜೇನ್ನೊಣದ ಪದ್ಯವನ್ನು ಆಲಿಸ್ ಹೇಳಲಾರಂಭಿಸಿದರೆ ಮೊಸಳೆಯ ಪದ್ಯವಾಗಿಬಿಡುತ್ತದೆ. ದೀಕ್ಷೆ ಹೊಂದಿದವರೊಬ್ಬರು ಇಂತಹ ಚೇಷ್ಟೆಯನ್ನು ಮಾಡಬಹುದೇ? ಮಗ್ಗಿಯನ್ನೂ ಪ್ರಾರ್ಥನೆಯ ಪದಗಳನ್ನೂ ತಿರುಚಿ ಹಾಡುವ ಮಕ್ಕಳನ್ನು ನಮ್ಮ ಮನೆಗಳಲ್ಲಿ ಕಾಣದವರು ಯಾರು? ಅವರು ಪ್ರಾರ್ಥನೆಯನ್ನು ದ್ವೇಷಿಸುವವರಲ್ಲ. ಚೆನ್ನಾಗಿ ಬರುವುದನ್ನು ಮಾತ್ರವೇ ತಿರುಚಲು ಸಾಧ್ಯ. ಅದೇ ಕಥೆಯಲ್ಲಿ ಒಬ್ಬ ಡಚೆಸ್, ಅಂದರೆ ದೊಡ್ಡ ಮನೆತನದ ದೊರೆಸಾನಿ, ಬರುತ್ತಾಳೆ. ಅವಳು ಯಾವ ಮಾತಿಗಾದರೂ ಒಂದು ನೀತಿಯನ್ನು ಅಂಟಿಸದೆ ಬಿಡಳು. ಉಪಾಧ್ಯಾಯಿನಿಯರಾದ ನಾವು ಆ ಪುಟವನ್ನು ಆಗಾಗ ಓದಿಕೊಳ್ಳುವುದು ಹಿತಕರ.

ಕನ್ನಡದಲ್ಲಿ ಈ ಕಥೆಯನ್ನು ತಂದವರು ಹಾಸ್ಯಬರಹಗಳಿಂದ ಪ್ರಸಿದ್ಧರಾದ ನಾ. ಕಸ್ತೂರಿಯವರು. ಇವರು ಕೇರಳದಲ್ಲಿ ಹುಟ್ಟಿ, ಮೈಸೂರಿನಲ್ಲಿ ಇತಿಹಾಸದ ಅಧ್ಯಾಪಕರಾಗಿದ್ದು, ಕನ್ನಡವನ್ನು ತಮ್ಮದಾಗಿಸಿಕೊಂಡವರು. ಪಾತಾಳದಲ್ಲಿ ಪಾಪಚ್ಚಿ ಎಂಬುದು ಅವರು ಇಟ್ಟ ಹೆಸರು. ನಮ್ಮ ಪುರಾಣಗಳ ಪಾತಾಳವು ಇಲ್ಲಿ ಎಷ್ಟು ಸಹಜವಾಗಿ ಒದಗಿತೆಂದರೆ, ಅಚ್ಚಾದ ಇಂಗ್ಲಿಷ್ ಹೆಸರಿಗಿಂತ ಮೂಲ ಹಸ್ತಪ್ರತಿಯ ಹೆಸರಿಗೇ ಇದು ಸಮೀಪವಾಗಿದೆ. ಪಾಪಚ್ಚಿ ಎಂಬುದು ಮೈಸೂರು ಸೀಮೆಯ ಮುದ್ದಿನ ಮಾತು; ನಮ್ಮ ಕಡೆಯಲ್ಲಾದರೆ ಅವಳು ಯಾರ ಮನೆಯ ಕೂಸೋ ಆಗುತ್ತಿದ್ದಳು. ಏಳು ಅಧೋಲೋಕಗಳನ್ನೂ ಮಾತನಾಡುವ ನರಿ ಸಿಂಹಗಳನ್ನೂ ಅಜ್ಜಿಯ ಬಾಯಿಂದ ಕೇಳಿ ಬೆಳೆದ ನಮ್ಮ ಮಕ್ಕಳಿಗೆ ಆಲಿಸಳ ಲೋಕವು ಪರದೇಶವಲ್ಲವೆಂದೇ ನಮ್ಮ ಭಾವನೆ. ಪಂಚತಂತ್ರದ ಕಥೆಯ ಕೊನೆಗೆ ನೀತಿಯುಂಟು, ಇದರ ಕೊನೆಗೆ ಇಲ್ಲ, ಭೇದವು ಇಷ್ಟೇ.

1871ರ ಡಿಸೆಂಬರಿನಲ್ಲಿ ಎರಡನೆಯ ಭಾಗವು ಪ್ರಕಟವಾಯಿತು. ಇದರಲ್ಲಿ ಆಲಿಸ್ ಕನ್ನಡಿಯ ಮೂಲಕ ಹಾದು ಆಚೆಯ ಮನೆಯನ್ನು ಹೊಗುತ್ತಾಳೆ. ಚದುರಂಗದ ಹಾಸಿನಂತಿರುವ ಆ ದೇಶದಲ್ಲಿ ಇದ್ದಲ್ಲಿಯೇ ಇರಬೇಕಾದರೂ ಓಡುತ್ತಿರಬೇಕು. ಪುಸ್ತಕಗಳ ಕೀರ್ತಿಯೊಡನೆ ಗಾಳಿಮಾತುಗಳೂ ಹಬ್ಬಿದವು. ವಿಕ್ಟೋರಿಯಾ ರಾಣಿಯವರು ಆಲಿಸಳ ಕಥೆಗೆ ಮೆಚ್ಚಿ ಮುಂದಿನ ಗ್ರಂಥವನ್ನು ಬಯಸಲು ಇವರು ಬೀಜಗಣಿತದ ಪುಸ್ತಕವನ್ನು ಒಪ್ಪಿಸಿದರೆಂಬ ಕಥೆಯು ಇಂದಿಗೂ ಕೇಳಿಬರುತ್ತದೆ. ಅದು ಪೂರಾ ಸುಳ್ಳೆಂದು ಇವರೇ ಅಚ್ಚಿನಲ್ಲಿ ಸಾರಿದ್ದರು. ಕಥೆಯಲ್ಲಿ ಗೂಢಾರ್ಥವೇನೆಂದು ಕೇಳಿದವರಿಗೆ ಯಾವ ಬೋಧೆಯೂ ಇಲ್ಲವೆಂದೇ ಉತ್ತರ ಕೊಡುತ್ತಿದ್ದರು. 1876ರಲ್ಲಿ ಆಲಿಸಳನ್ನು ಪ್ರೀತಿಸುವ ಮಕ್ಕಳಿಗೆಂದು ಈಸ್ಟರ್ ಹಬ್ಬದ ಒಂದು ಪತ್ರವನ್ನು ಅಚ್ಚು ಹಾಕಿಸಿದರು. ಗಂಭೀರವಾದುದರ ಪಕ್ಕದಲ್ಲಿ ನಗೆಯನ್ನಿಡುವುದು ತಪ್ಪಲ್ಲವೆಂದೂ, ಮಕ್ಕಳ ನಿರ್ದೋಷವಾದ ವಿನೋದಕ್ಕೆ ತಾವು ಸೇರಿಸಿದುದನ್ನು ಮರಣದ ನೆರಳಿನ ಕಣಿವೆಯಲ್ಲಿ ನಡೆವಾಗಲೂ ನಾಚಿಕೆಯಿಲ್ಲದೆ ನೆನೆಯಬಹುದೆಂಬ ಆಸೆಯುಂಟೆಂದೂ ಅದರಲ್ಲಿ ತಿಳಿಸಿದರು. ಶಂಕಿಸುವ ತಂದೆತಾಯಿಗಳಿಗೆ ಇದಕ್ಕಿಂತ ನೇರವಾದ ಉತ್ತರವನ್ನು ಅವರು ಬೇರೆಲ್ಲಿಯೂ ಕೊಟ್ಟಂತೆ ನಮಗೆ ತೋರುವುದಿಲ್ಲ.

ಇನ್ನೊಂದು ವಿಷಯವನ್ನು ಮುಚ್ಚಿಡುವುದು ಪಾಲಕರಿಗೆ ನ್ಯಾಯವಾಗದು. 1863ರ ಜೂನಿನಲ್ಲಿ ಲಿಡ್ಡೆಲ್‌ರ ಮನೆಯವರಿಗೂ ಇವರಿಗೂ ಇದ್ದ ಬಳಕೆಯು ಹಠಾತ್ತಾಗಿ ಕಡಿಯಿತು. ಆ ದಿನಗಳ ದಿನಚರಿಯ ಹಾಳೆಯನ್ನು ಇವರ ಕಾಲಾನಂತರ ಯಾರೋ ಕತ್ತರಿಸಿ ತೆಗೆದರು. 1856ರಿಂದ 1880ರ ವರೆಗೆ ಇವರು ತೆಗೆದ ಛಾಯಾಚಿತ್ರಗಳಲ್ಲಿ ಮಕ್ಕಳವು ಅನೇಕ. ಅವುಗಳಲ್ಲಿ ಕೆಲವು ಇಂದಿನ ವಾಚಕರಿಗೆ ಇರುಸುಮುರುಸನ್ನುಂಟುಮಾಡುತ್ತವೆ. ವಿದ್ವಾಂಸರಲ್ಲಿ ಈ ಬಗ್ಗೆ ವಾದವು ನಿಂತಿಲ್ಲ. ಹಾಳೆಯಿಲ್ಲದ ಕಡೆ ತೀರ್ಪನ್ನು ಬರೆಯಲು ನಾವು ಒಪ್ಪುವುದಿಲ್ಲ. ಪುಸ್ತಕವನ್ನು ಮಾತ್ರ ಪುಸ್ತಕವಾಗಿಯೇ ತೂಗುತ್ತೇವೆ.

ನಮ್ಮಂತಹ ಶಾಲೆಗೆ ಇವರ ಜೀವನದಲ್ಲಿ ಅತ್ಯಂತ ಹತ್ತಿರವಾದ ಸಂಗತಿಯು ಕೊನೆಯ ಭಾಗದಲ್ಲಿದೆ. 1887ರಲ್ಲಿ ಆಕ್ಸ್‌ಫರ್ಡಿನ ಕನ್ಯಾ ಪ್ರೌಢಶಾಲೆಗೆ ಹೋಗಿ ಹುಡುಗಿಯರಿಗೆ ತರ್ಕಶಾಸ್ತ್ರವನ್ನು ಕಲಿಸಿದರು. ಸ್ತ್ರೀಯರಿಗಾಗಿ ಹೊಸದಾಗಿ ಸ್ಥಾಪಿತವಾಗಿದ್ದ ಲೇಡಿ ಮಾರ್ಗರೆಟ್ ಹಾಲ್ ಎಂಬ ವಿದ್ಯಾಲಯದಲ್ಲಿಯೂ ಕಲಿಸಿದರು. ಹೆಂಗಸರಿಗೆ ತರ್ಕವೇಕೆ ಎಂದು ಕೇಳುವವರು ತುಂಬಿದ್ದ ಕಾಲವದು. ಹಲಗೆಯ ಮೇಲೆ ಮನೆಗಳನ್ನು ಬರೆದು, ನಾಲ್ಕು ಕೆಂಪು ಐದು ಬೂದುಬಣ್ಣದ ಬಿಲ್ಲೆಗಳನ್ನಿಟ್ಟು ಆಡುವ ಆಟವೊಂದನ್ನು ಇವರು ಇದಕ್ಕೆಂದೇ ಕಲ್ಪಿಸಿ ಪುಸ್ತಕದೊಡನೆ ಪ್ರಕಟಿಸಿದ್ದರು. ನಮ್ಮ ಹಳ್ಳಿಯ ಹುಡುಗಿಯರು ಚೌಕಾಬಾರದ ಮನೆಗಳಲ್ಲಿ ಕಾಯಿ ನಡೆಸುವುದನ್ನು ನೋಡಿದವರಿಗೆ ಇದರ ಸೊಗಸು ತಿಳಿದೀತು. ಆಲಿಸಳನ್ನು ಓದಿದವರು ಇದರಲ್ಲಿ ಆಶ್ಚರ್ಯಪಡಬೇಕಾದುದಿಲ್ಲ. ಆ ವಿಪರೀತ ಲೋಕದಲ್ಲಿ ಅಧಿಕಾರಸ್ಥರೆಲ್ಲ ಅಸಂಬದ್ಧವನ್ನಾಡುತ್ತಿರುವಾಗ ವಿನಯವನ್ನು ಬಿಡದೆ ಕಾರಣವನ್ನು ಕೇಳುವವಳು ಅವಳೊಬ್ಬಳೇ. ತೀರ್ಪಿಗಿಂತ ಮೊದಲೇ ಶಿಕ್ಷೆಯಾಗಲೆನ್ನುವ ರಾಣಿಯನ್ನು ಎದುರಿಸಿ ಮಾತನಾಡುವವಳೂ ಅವಳೇ. ಆ ಪುಸ್ತಕದಲ್ಲಿ ನೀತಿಯಿಲ್ಲವೆನ್ನುವವರು ಈ ಹುಡುಗಿಯನ್ನು ಗಮನಿಸಿದರೋ ಇಲ್ಲವೋ!

ವಿಚಿತ್ರವೇನೆಂದರೆ, ಕೊನೆಗಾಲದಲ್ಲಿ ಕರ್ತೃವಿಗೇ ತಮ್ಮ ಹಳೆಯ ದಾರಿಯಲ್ಲಿ ನಂಬಿಕೆ ಸಡಿಲವಾದಂತೆ ಕಾಣುತ್ತದೆ. 1889 ಮತ್ತು 1893ರಲ್ಲಿ ಎರಡು ಸಂಪುಟಗಳಾಗಿ ಬಂದ ಸಿಲ್ವಿ ಮತ್ತು ಬ್ರೂನೊ ಎಂಬ ಕಥೆಯಲ್ಲಿಯೂ ನಮ್ಮ ಲೋಕದೊಡನೆ ಕಿನ್ನರರ ಲೋಕವು ಹೆಣೆದುಕೊಂಡಿದೆ. ಆದರೆ ಧರ್ಮಬೋಧೆಯನ್ನೂ ಗಂಭೀರ ಚರ್ಚೆಗಳನ್ನೂ ಅದರಲ್ಲಿ ಧಾರಾಳವಾಗಿ ತುಂಬಿದರು. ಅದಕ್ಕಾಗಿ ಇವರು ಪಟ್ಟ ಶ್ರಮವು ಸಾಮಾನ್ಯವಲ್ಲ. ಪೋಷಕರು ಆಕ್ಷೇಪಿಸಲು ಅದರಲ್ಲಿ ಏನೂ ಇರಲಿಲ್ಲ. ಮಕ್ಕಳು ಮಾತ್ರ ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಇಂದು ಅದನ್ನು ಓದುವವರು ಬಹು ವಿರಳ.

1898ನೆಯ ಇಸವಿ ಜನವರಿ 14ರಂದು, ಗಿಲ್ಡ್‌ಫರ್ಡ್ ಪಟ್ಟಣದಲ್ಲಿ ತಮ್ಮ ಸಹೋದರಿಯರ ಮನೆಯಲ್ಲಿ, ಶೀತಜ್ವರವು ಶ್ವಾಸಕೋಶಕ್ಕೆ ತಾಗಿ ಡಾಜ್ಸನ್ ಮಹಾಶಯರು ಇಹಲೋಕದ ಯಾತ್ರೆಯನ್ನು ಮುಗಿಸಿದರು. ಅರವತ್ತಾರು ತುಂಬಲು ಎರಡು ವಾರಗಳಷ್ಟು ಕಡಿಮೆಯಿದ್ದಿತು. ಆ ಊರಿನ ಗುಡ್ಡದ ಮೇಲಣ ಸ್ಮಶಾನದಲ್ಲಿಯೇ ಅವರ ಸಮಾಧಿಯಿದೆ.

ಆಲಿಸ್ ಲಿಡ್ಡೆಲ್ ದೀರ್ಘಕಾಲ ಬಾಳಿದಳು. ವೃದ್ಧಾಪ್ಯದಲ್ಲಿ, 1928ರಲ್ಲಿ, ಅವಳು ತನ್ನ ಹಸ್ತಪ್ರತಿಯನ್ನು ಹರಾಜಿಗಿಡಲು ಅದು 15,400 ಪೌಂಡುಗಳಿಗೆ ಮಾರಾಟವಾಗಿ ಅಮೇರಿಕಕ್ಕೆ ಹೋಯಿತು. 1932ರಲ್ಲಿ, ಕ್ಯಾರಲ್‌ರ ಜನ್ಮಶತಾಬ್ದದ ಸಂದರ್ಭದಲ್ಲಿ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯವು ಎಂಬತ್ತು ವರ್ಷದ ಆ ಮುದುಕಿಯನ್ನು ಕರೆಸಿ ಗೌರವ ಪದವಿಯನ್ನಿತ್ತಿತು. ಎರಡು ವರ್ಷಗಳ ತರುವಾಯ ಅವಳೂ ತೀರಿಕೊಂಡಳು. ಹಸ್ತಪ್ರತಿಯನ್ನು ಅಮೇರಿಕದ ಅಭಿಮಾನಿಗಳು ಹಣ ಕೂಡಿಸಿ ಕೊಂಡು 1948ರಲ್ಲಿ ಆಂಗ್ಲ ಜನರಿಗೆ ಕಾಣಿಕೆಯಾಗಿ ಹಿಂದಿರುಗಿಸಿದರು. ಹತ್ತು ವರ್ಷದ ಹುಡುಗಿಯೊಬ್ಬಳು ಹಠ ಹಿಡಿದು ಬರೆಯಿಸಿಕೊಂಡ ಆ ಪುಸ್ತಕವು ಈಗ ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿದೆ.