ಎರಡು ಬೆಟ್ಟಗಳ ಯಾತ್ರಿಕ

ಬೆಂಗಳೂರು–ಮೈಸೂರು ನಡುವೆ ಸಂಚರಿಸುವವರು ಮದ್ದೂರಿನಲ್ಲಿ ಇಳಿದು ವಡೆ ತಿಂದು ಕಾಫಿ ಕುಡಿಯುವುದು ತಲೆಮಾರುಗಳಿಂದ ಬಂದ ರೂಢಿ. ವಡೆ ಈ ಊರಿನದೇ. ಆದರೆ ಕಾಫಿಯ ಮೂಲವನ್ನು ಅರಸುತ್ತ ಹೊರಟರೆ ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತಶ್ರೇಣಿಯನ್ನು ಹತ್ತಿ, ಅರಬ್ಬೀ ಸಮುದ್ರವನ್ನು ದಾಟಿ, ಯೆಮನ್ ದೇಶದ ಮೋಖಾ ಬಂದರನ್ನು ತಲುಪಬೇಕಾಗುತ್ತದೆ. ಈ ಎರಡು ತೀರಗಳನ್ನು ಬೆಸೆದವರು ಹದಿನೇಳನೇ ಶತಮಾನದ ಸೂಫಿ ಸಂತ ಬಾಬಾ ಬುಡನ್ ಎಂಬುದು ಈ ನಾಡಿನ ಪರಂಪರಾಗತ ನಂಬಿಕೆ.

ಬಾಬಾ ಬುಡನ್ ನೆಲೆಸಿದ ಗಿರಿ ಅವರಿಗಿಂತ ಮೊದಲೇ ಪುಣ್ಯಸ್ಥಳವಾಗಿತ್ತು. ಅರಬ್ ದೇಶದಿಂದ ಬಂದ ದಾದಾ ಹಯಾತ್ ಮೀರ್ ಖಲಂದರ್ ಇಲ್ಲಿನ ಗುಹೆಯಲ್ಲಿ ತಪಸ್ಸಿಗೆ ಕುಳಿತರೆಂದು ಮುಸ್ಲಿಮರು ನಂಬಿದರೆ, ಅದೇ ಗುಹೆ ಗುರು ದತ್ತಾತ್ರೇಯರ ಪೀಠವೆಂದು ಹಿಂದೂಗಳು ನಂಬುತ್ತಾರೆ. ಈ ಪರಂಪರೆಯನ್ನು ಮುಂದುವರಿಸಿದ ಬಾಬಾ ಬುಡನ್ ಹಜ್ ಯಾತ್ರೆ ಕೈಗೊಂಡರು. ಅಂದಿನ ಹಜ್ ಹಾಯಿಹಡಗಿನ ಪಯಣ. ಹೋಗುವ, ಬರುವ ಕಾಲವನ್ನು ನಿರ್ಧರಿಸುತ್ತಿದ್ದುದು ಮಾರುತಗಳು. ಕಡಲ್ಗಳ್ಳರು, ರೋಗರುಜಿನಗಳನ್ನು ದಾಟಿ ಮರಳುವ ಭರವಸೆ ಯಾರಿಗೂ ಇರಲಿಲ್ಲ.

ಆ ಯಾತ್ರೆಯ ತಿರುಳು ಕೂಡ ಒಂದು ಬೆಟ್ಟದ ಸನ್ನಿಧಿಯೇ. ಜಿಲ್‌ಹಜ್ ತಿಂಗಳ ಒಂಬತ್ತನೆಯ ದಿನ, ನಡುಹಗಲಿನಿಂದ ಸೂರ್ಯಾಸ್ತದವರೆಗೆ ಯಾತ್ರಿಕರು ಅರಫಾತ್ ಬಯಲಿನಲ್ಲಿ ಪ್ರಾರ್ಥನಾನಿರತರಾಗುತ್ತಾರೆ. ಅಲ್ಲಿರುವ ಗುಡ್ಡಕ್ಕೆ ಕರುಣೆಯ ಬೆಟ್ಟವೆಂದೇ ಹೆಸರು. ಅರಫಾತ್‌ನಲ್ಲಿ ನಿಲ್ಲದ ಹೊರತು ಹಜ್ ಪೂರ್ಣವಾಗದು. ಹೊಲಿಗೆಯಿಲ್ಲದ ಎರಡು ತುಂಡು ಬಿಳಿಬಟ್ಟೆಯನ್ನು ಹೊದ್ದ ಗಂಡಸರಲ್ಲಿ ಅರಸ ಯಾರು, ಆಳು ಯಾರು ಎಂದು ಹೇಳಲಾಗುವುದಿಲ್ಲ. ಈ ಸಮಾನತೆಯ ಅನುಭವದೊಂದಿಗೆ ಬಾಬಾ ಬುಡನ್ ಮರುಪ್ರಯಾಣ ಹೊರಟರು.

ಮೋಖಾದಲ್ಲಿ ಅವರು ಕಂಡದ್ದು, ಅರ್ಥಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಪರಿಪೂರ್ಣ ಏಕಸ್ವಾಮ್ಯ. ಕಾಫಿ ಬೀಜವನ್ನು ಬೇಯಿಸಿ ಇಲ್ಲವೇ ಹುರಿದು, ಮೊಳಕೆಯ ಶಕ್ತಿಯನ್ನು ನಾಶಪಡಿಸಿಯೇ ಹೊರದೇಶಗಳಿಗೆ ಕಳುಹಿಸಲಾಗುತ್ತಿತ್ತು. ಬಾಬಾ ಬುಡನ್ ಏಳು ಹಸಿ ಬೀಜಗಳನ್ನು ಸೊಂಟಕ್ಕೆ ಕಟ್ಟಿಕೊಂಡು ತಂದರೆಂಬುದು ಪ್ರತೀತಿ. ಕಾಬಾದ ಸುತ್ತ ಯಾತ್ರಿಕರು ಹಾಕುವ ಪ್ರದಕ್ಷಿಣೆಗಳೂ ಏಳೇ. ಕಾಫಿ ಬೀಜ ಕೆಲವೇ ತಿಂಗಳುಗಳಲ್ಲಿ ಮೊಳೆಯುವ ಸಾಮರ್ಥ್ಯವನ್ನು ಕಳೆದುಕೊಳ್ಳುತ್ತದೆ. ಆದ್ದರಿಂದ ತಂದ ಬೀಜವನ್ನು ತಡವಿಲ್ಲದೆ ಮಣ್ಣಿಗೆ ಸೇರಿಸಬೇಕಿತ್ತು. ಸಂತರು ಅದನ್ನು ಮಾರಲಿಲ್ಲ, ತಮ್ಮ ಗಿರಿಯಲ್ಲಿ ಬಿತ್ತಿದರು. ಸುಂಕದ ಕಟ್ಟೆಯ ಲೆಕ್ಕದಲ್ಲಿ ಇದು ಕಳ್ಳಸಾಗಣೆಯೇ ಇರಬಹುದು. ಆದರೆ ತಂದವರು ತಮಗಾಗಿ ಏನನ್ನೂ ಉಳಿಸಿಕೊಳ್ಳದ ಕಳ್ಳಸಾಗಣೆ ಚರಿತ್ರೆಯಲ್ಲಿ ವಿರಳ.

ಮುಂದಿನದು ಜಗತ್ತಿನ ಚರಿತ್ರೆ. ಡಚ್ಚರು 1696ರಲ್ಲಿ ಮಲಬಾರಿನಿಂದ ಕಾಫಿ ಸಸಿಗಳನ್ನು ಜಾವಾಕ್ಕೆ ಒಯ್ದರು. ಅವು ನೆರೆಗೆ ಸಿಲುಕಿ ನಾಶವಾದಾಗ 1699ರಲ್ಲಿ ಮತ್ತೆ ಒಯ್ದರು. ಜಾವಾದಿಂದ 1706ರಲ್ಲಿ ಆಮ್‌ಸ್ಟರ್‌ಡಾಮ್‌ಗೆ, ಅಲ್ಲಿಂದ 1714ರಲ್ಲಿ ಪ್ಯಾರಿಸ್‌ಗೆ ಹೋದ ಗಿಡದ ಸಂತತಿ ಅಮೆರಿಕ ಖಂಡವನ್ನೂ ತಲುಪಿತು. ನಮ್ಮಲ್ಲಿ ಹತ್ತೊಂಬತ್ತನೇ ಶತಮಾನದ ಪೂರ್ವಾರ್ಧದಲ್ಲಿ ಬ್ರಿಟಿಷರು ವಾಣಿಜ್ಯ ತೋಟಗಳನ್ನು ಆರಂಭಿಸಿದರು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. ದೇಶದ ಕಾಫಿ ಉತ್ಪಾದನೆಯಲ್ಲಿ ಇಂದು ಕರ್ನಾಟಕದ ಪಾಲು ಸುಮಾರು ಶೇ 70. ತೋಟದ ಮಾಲೀಕರು, ಹಣ್ಣು ಕೊಯ್ಯುವ ಕೂಲಿಕಾರರು, ಹೋಟೆಲಿನವರು ಎಲ್ಲ ಜಾತಿ, ಮತಗಳಿಗೂ ಸೇರಿದವರು.

ಬಾಬಾ ಬುಡನ್‌ಗಿರಿಗೆ ಹೋಗುವ ಯಾತ್ರಿಕರೂ ಹಾಗೆಯೇ. ಸುಮಾರು 1,895 ಮೀಟರ್ ಎತ್ತರದ ಈ ಗಿರಿಯಲ್ಲಿ ಮೆಟ್ಟಿಲಿಳಿದು ಗುಹೆಯನ್ನು ಪ್ರವೇಶಿಸಿ, ಪಾದುಕೆಗಳಿಗೆ ನಮಿಸಿ, ನಂದಾದೀಪದ ದರ್ಶನ ಪಡೆಯುವುದು, ಸಮೀಪದ ಮಾಣಿಕ್ಯಧಾರದಲ್ಲಿ ಮೀಯುವುದು ಬಹುಕಾಲದ ಪದ್ಧತಿ. ಉರುಸ್ ಮತ್ತು ದತ್ತ ಜಯಂತಿ ಎರಡಕ್ಕೂ ಇಲ್ಲಿ ಸ್ಥಳವಿದೆ. ಸರ್ಕಾರಿ ದಾಖಲೆಗಳಲ್ಲಿ ಈ ಸಂಸ್ಥೆಯ ಹೆಸರು ಶ್ರೀ ಗುರು ದತ್ತಾತ್ರೇಯ ಬಾಬಾಬುಡನ್ ಸ್ವಾಮಿ ದರ್ಗಾ. ಒಂದೇ ಹೆಸರಿನಲ್ಲಿ ಗುರು, ಬಾಬಾ, ಸ್ವಾಮಿ, ದರ್ಗಾ ಎಲ್ಲವೂ ಇವೆ.

ಇಂಥ ಸ್ಥಳವೂ ವ್ಯಾಜ್ಯಕ್ಕೆ ಸಿಲುಕಿತು. 1975ರಲ್ಲಿ ಇದನ್ನು ವಕ್ಫ್ ಆಡಳಿತಕ್ಕೆ ವರ್ಗಾಯಿಸಿದ ಕ್ರಮವನ್ನು 1980ರಲ್ಲಿ ನ್ಯಾಯಾಲಯ ಒಪ್ಪಲಿಲ್ಲ. 1975ರ ಜೂನ್‌ಗೆ ಮುಂಚಿನ ಆಚರಣೆಗಳಾವುವು ಎಂಬುದನ್ನು ಮುಜರಾಯಿ ಆಯುಕ್ತರು 1989ರಲ್ಲಿ ದಾಖಲಿಸಿದರು. ಮುಜಾವರರ ನೇಮಕಕ್ಕಷ್ಟೇ ಅವಕಾಶ ಕೊಟ್ಟ 2018ರ ಸರ್ಕಾರಿ ಆದೇಶವನ್ನು ಹೈಕೋರ್ಟ್ 2021ರಲ್ಲಿ ರದ್ದುಪಡಿಸಿತು. 2022ರಲ್ಲಿ ವ್ಯವಸ್ಥಾಪನಾ ಸಮಿತಿ ರಚನೆಯಾಗಿ ಅರ್ಚಕರ ನೇಮಕವಾಯಿತು. ಆಡಳಿತದಲ್ಲಿ ದೀರ್ಘಕಾಲ ಕಳೆದ ನನಗೆ ತೋಚುವುದಿಷ್ಟು: ಕಡತವು ಹಕ್ಕನ್ನು ಗುರುತಿಸಬಲ್ಲದು, ಸಹಬಾಳ್ವೆಯನ್ನು ಹೊಸದಾಗಿ ಸೃಷ್ಟಿಸಲಾರದು. ಅದನ್ನು ರೂಢಿಸಿದವರು ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಟ್ಟು ಗುಹೆಯೊಳಗೆ ನಡೆದ ಸಾಮಾನ್ಯ ಭಕ್ತರು.

ಈ ಮಾತು ಗಿರಿಗೆ ಮಾತ್ರ ಅನ್ವಯಿಸುವುದಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಗಣೇಶ ಮೆರವಣಿಗೆಯ ವೇಳೆ ನಡೆದ ಕಲ್ಲು ತೂರಾಟ, ಅದರ ಬೆನ್ನಿಗೇ ಬಂದ ಪ್ರತಿಭಟನೆ, ಬಂದ್ ಮದ್ದೂರನ್ನು ಕದಡಿದವು. ಕಲ್ಲೆಸೆದವರನ್ನು ಕಾನೂನು ವಿಚಾರಿಸಿಕೊಳ್ಳಬೇಕು, ಅದರಲ್ಲಿ ರಿಯಾಯಿತಿ ಸಲ್ಲದು. ಆದರೆ ಅಂಗಡಿ ಬಾಗಿಲು ತೆರೆದ ಮೇಲೆ ಅಕ್ಕಪಕ್ಕದಲ್ಲಿ ವ್ಯಾಪಾರ ಮಾಡಬೇಕಾದವರು ಅದೇ ಊರಿನ ಜನ. ಸಮುದ್ರದಾಚೆಯ ಬೀಜವೊಂದು ಈ ಮಣ್ಣಿನಲ್ಲಿ ಬೇರುಬಿಟ್ಟು ಎಲ್ಲರ ಬೆಳಗಿನ ಪಾನೀಯವಾದದ್ದು ಬಿತ್ತಿದವರು ಬೇಲಿ ಹಾಕದಿದ್ದುದರಿಂದ. ಬಾಬಾ ಬುಡನ್ ಅವರ ಬದುಕು ನಮಗೆ ಬಿಟ್ಟುಹೋದ ಆಸ್ತಿ ಇದೇ. ಅದನ್ನು ಪಾಲು ಮಾಡಹೊರಟರೆ ಯಾರ ಪಾಲಿಗೂ ಏನೂ ಉಳಿಯದು.