ಮೇರಿ ವರ್ಗೀಸ್ ಮತ್ತು ಕೂರುವ ವಿದ್ಯೆ

ಗಾಲಿಕುರ್ಚಿಗೆ ಅಳತೆ ತೆಗೆಯುವುದು ನನ್ನ ಉದ್ಯೋಗ. ಓದಿದ್ದು ಭೌತಚಿಕಿತ್ಸೆ. ಆದರೆ ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡುಗಳ ನಡುವೆ ತಿರುಗಾಡುತ್ತ ಕಳೆದ ವರ್ಷಗಳಲ್ಲಿ ನನ್ನ ಕೈಯಲ್ಲಿ ಹೆಚ್ಚಾಗಿ ಇದ್ದದ್ದು ದರ್ಜಿಯ ಟೇಪು. ಸೊಂಟದ ಅಗಲ, ತೊಡೆಯ ಉದ್ದ, ಮಂಡಿಯಿಂದ ಹಿಮ್ಮಡಿಯವರೆಗಿನ ಎತ್ತರ, ಆಸನದಿಂದ ಹೆಗಲಮೂಳೆಯ ಕೆಳತುದಿಯವರೆಗಿನ ದೂರ ಇವನ್ನೆಲ್ಲ ಬರೆದುಕೊಳ್ಳುವಾಗ ಮನೆಮಂದಿ ಅನುಮಾನದಿಂದ ನೋಡುತ್ತಾರೆ. ಕುರ್ಚಿಗೂ ಅಳತೆಯೇ ಎಂಬುದು ಅವರ ಪ್ರಶ್ನೆ. ಅಂಕಿ ನೋಡದೆ ಚಪ್ಪಲಿ ಕೊಳ್ಳದವರು, ದಿನಕ್ಕೆ ಹತ್ತು ಹನ್ನೆರಡು ತಾಸು ಮೈ ಊರುವ ವಸ್ತುವನ್ನು ಮಾತ್ರ ಸಿಕ್ಕಿದ್ದೇ ಭಾಗ್ಯವೆಂದು ಸ್ವೀಕರಿಸುತ್ತಾರೆ. ಅಂಥ ಮನೆಗಳಲ್ಲಿ ನಾನು ವೆಲ್ಲೂರಿನ ಒಬ್ಬ ವೈದ್ಯೆಯ ಕತೆ ಹೇಳುವುದುಂಟು. ಆಕೆಯ ಹೆಸರು ಡಾ. ಮೇರಿ ವರ್ಗೀಸ್.

ವೆಲ್ಲೂರು ನಮಗೆ ತೀರಾ ಪರಕೀಯವಾದ ಊರಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರುವ ತನಕ ಎರಡೂ ಮದರಾಸು ರಾಜ್ಯದಲ್ಲಿಯೇ ಇದ್ದವು. ಇಲ್ಲಿ ಗುಣವಾಗದ ಕಾಯಿಲೆಗೆ ವೆಲ್ಲೂರಿನ ದಾರಿ ಹಿಡಿಯುವುದು ಈ ಸೀಮೆಯ ಹಿರಿಯರ ವಾಡಿಕೆಯಾಗಿತ್ತು. ಮೇರಿ ಹುಟ್ಟಿದ್ದು 1925ರಲ್ಲಿ, ಕೊಚ್ಚಿ ಸಮೀಪದ ಚೆರಾಯಿಯಲ್ಲಿ. ಅನುಕೂಲಸ್ಥ ಕ್ರೈಸ್ತ ಮನೆತನ. ಎರ್ನಾಕುಲಂನ ಮಹಾರಾಜಾ ಕಾಲೇಜಿನಲ್ಲಿ ಓದಿ, 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಸೇರಿದರು. ಅಲ್ಲಿಯವರೆಗಿನ ಬದುಕು ಆ ಕಾಲದ ಜಾಣ, ಸಂಕೋಚದ ವಿದ್ಯಾರ್ಥಿನಿಯೊಬ್ಬಳ ಬದುಕಿಗಿಂತ ಬಹಳ ಭಿನ್ನವಾಗಿರಲಿಲ್ಲ.

1954ರ ಆರಂಭದಲ್ಲಿ ಎಲ್ಲವೂ ಬದಲಾಯಿತು. ಕಿರಿಯ ವೈದ್ಯರ ಗುಂಪೊಂದು ವಿಹಾರಕ್ಕೆಂದು ಹೊರಟಿದ್ದ ವಾಹನ ಅಪಘಾತಕ್ಕೀಡಾಯಿತು. ಮೇರಿಯ ಮುಖಕ್ಕೆ ತೀವ್ರ ಪೆಟ್ಟಾಗಿ, ಅದರ ಗುರುತು ಕೊನೆಯವರೆಗೂ ಉಳಿಯಿತು. ಅದಕ್ಕಿಂತ ಘೋರವಾದ ಪೆಟ್ಟು ಬೆನ್ನುಹುರಿಗೆ ಬಿದ್ದಿತ್ತು. ಕಾಲುಗಳಲ್ಲಿ ಚಲನೆಯೂ ಇಲ್ಲ, ಸ್ಪರ್ಶಜ್ಞಾನವೂ ಇಲ್ಲ. ವಯಸ್ಸು ಇನ್ನೂ ಮೂವತ್ತು ತುಂಬಿರಲಿಲ್ಲ.

ಅಂದು ಬೆನ್ನುಹುರಿ ಘಾಸಿಗೊಂಡವರ ಭವಿಷ್ಯ ಹೇಗಿತ್ತೆಂಬುದನ್ನು ನೆನೆದರೆ ಮಾತ್ರ ಮುಂದಿನ ಕತೆಯ ತೂಕ ತಿಳಿದೀತು. ಎರಡನೆಯ ಮಹಾಯುದ್ಧದವರೆಗೆ ಇಂಥವರಲ್ಲಿ ಬಹುಪಾಲು ಜನ ಸಾಯುತ್ತಿದ್ದುದು ಬೆನ್ನಿನ ಪೆಟ್ಟಿನಿಂದಲ್ಲ, ಮಲಗಿದಲ್ಲೇ ಆಗುವ ಹುಣ್ಣುಗಳಿಂದ ಮತ್ತು ಮೂತ್ರಪಿಂಡದ ಸೋಂಕಿನಿಂದ. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಎಂಬ ನರವೈದ್ಯರು ರೋಗಿಗಳನ್ನು ಎರಡೆರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವ ಕಟ್ಟುನಿಟ್ಟಿನ ಕ್ರಮವನ್ನು ಜಾರಿಗೆ ತಂದ ಮೇಲೆ ಅಲ್ಲಿ ಜನ ಬದುಕತೊಡಗಿದರು. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಆರಂಭವಾದ ದಿನವೇ, ಅದೇ ಆಸ್ಪತ್ರೆಯ ಅಂಗಳದಲ್ಲಿ 16 ಮಂದಿ ಗಾಲಿಕುರ್ಚಿಯಲ್ಲಿ ಕುಳಿತು ಬಿಲ್ಲುಗಾರಿಕೆಯಲ್ಲಿ ಸ್ಪರ್ಧಿಸಿದರು. ಇಂದಿನ ಪ್ಯಾರಾಲಿಂಪಿಕ್ಸ್‌ನ ಮೂಲ ಅದು. ಆದರೆ ಈ ತಿಳಿವಳಿಕೆ ನಮ್ಮ ದೇಶದ ಸಾಮಾನ್ಯ ವಾರ್ಡುಗಳಿಗೆ ಇನ್ನೂ ಇಳಿದಿರಲಿಲ್ಲ. ಸೊಂಟ ಬಿದ್ದವರನ್ನು ಮನೆಗೆ ಕಳಿಸಿ ಸುಮ್ಮನಾಗುವುದೇ ರೂಢಿಯಾಗಿತ್ತು.

ಮೇರಿಯನ್ನು ಹಾಗೆ ಕಳಿಸಿಬಿಡಲು ಒಪ್ಪದವರು ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಆಂಗ್ಲ ದಂಪತಿಗಳ ಮಗನಾಗಿ ಹುಟ್ಟಿ, 1946ರಲ್ಲಿ ವೆಲ್ಲೂರಿಗೆ ಬಂದಿದ್ದ ಅವರು ಕುಷ್ಠರೋಗಿಗಳ ಮುದುಡಿದ ಬೆರಳುಗಳನ್ನು ಸ್ನಾಯುರಜ್ಜುಗಳ ಸ್ಥಳಾಂತರದ ಮೂಲಕ ಮತ್ತೆ ಬಿಡಿಸುವ ಶಸ್ತ್ರಕ್ರಿಯೆಯನ್ನು ರೂಪಿಸುತ್ತಿದ್ದರು. ಕುಷ್ಠರೋಗಿಯ ಬೆರಳು ಕೊಳೆತು ಉದುರುವುದಿಲ್ಲ, ನೋವಿನ ಅರಿವಿಲ್ಲದೆ ಸುಟ್ಟು, ಕೊಯ್ದು, ಸವೆದು ಹೋಗುತ್ತದೆ ಎಂಬುದನ್ನು ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ಅವರು ಪ್ರಮುಖರು. ಹತಾಶೆಯಲ್ಲಿ ಮುಳುಗಿದ್ದ ಈ ಕಿರಿಯ ವೈದ್ಯೆಗೆ ಅವರು ಸೂಚಿಸಿದ್ದು ಸಮಾಧಾನದ ಮಾತನ್ನಲ್ಲ, ಕೆಲಸವನ್ನು.

ಬಹುತೇಕ ಶಸ್ತ್ರಚಿಕಿತ್ಸೆಗಳು ನಿಂತು ಮಾಡುವಂಥವು. ಕೈಯ ಶಸ್ತ್ರಚಿಕಿತ್ಸೆ ಹಾಗಲ್ಲ. ರೋಗಿಯ ಕೈಯನ್ನು ಪುಟ್ಟ ಮೇಜಿನ ಮೇಲೆ ಚಾಚಿಸಿ, ವೈದ್ಯರು ಕುಳಿತೇ ಮಾಡುವ ಸೂಕ್ಷ್ಮ ಕೆಲಸ ಅದು. ಮೇರಿ ಮೊದಲು ಕುಷ್ಠರೋಗಿಗಳ ಚಿಕಿತ್ಸಾಲಯದಲ್ಲಿ ಗಾಲಿಕುರ್ಚಿಯಲ್ಲಿ ಕುಳಿತು ರೋಗಿಗಳನ್ನು ಪರೀಕ್ಷಿಸತೊಡಗಿದರು. ಬಳಿಕ ಶಸ್ತ್ರಚಿಕಿತ್ಸಾ ಕೊಠಡಿಯನ್ನು ಪ್ರವೇಶಿಸಿದರು. ತಮಗಿಂತ ಹೆಚ್ಚು ಕಳೆದುಕೊಂಡ ವೈದ್ಯೆಯೊಬ್ಬರು ತಮ್ಮ ಕೈ ಹಿಡಿದು ನೋಡುವುದನ್ನು ಕಂಡ ರೋಗಿಗಳ ಮೇಲೆ ಅದು ಬೀರಿದ ಪರಿಣಾಮವನ್ನು ಬ್ರ್ಯಾಂಡ್ ಮುಂದೆ ಸ್ಮರಿಸಿಕೊಂಡಿದ್ದಾರೆ.

ಈ ಘಟ್ಟವನ್ನು ಬರೆಯುವವರೆಲ್ಲ ಆಕೆಯ ಛಲವನ್ನು ಕೊಂಡಾಡುತ್ತಾರೆ. ಅದು ಸರಿಯೇ. ನನ್ನ ವೃತ್ತಿಯವರ ಗಮನ ಮಾತ್ರ ಆಕೆಯ ಸೊಂಟದ ಕಡೆಗೆ ಹೋಗುತ್ತದೆ. ಕುರ್ಚಿ ಅಗಲವಾಗಿದ್ದು, ಆಸನ ಜೋತುಬಿದ್ದಿದ್ದರೆ ಕೂತವರ ಸೊಂಟದ ಮೂಳೆ ಹಿಂದಕ್ಕೆ ಜಾರುತ್ತದೆ. ಬೆನ್ನು ಬಿಲ್ಲಿನಂತೆ ಬಾಗುತ್ತದೆ, ಮೈ ಒಂದು ಮಗ್ಗುಲಿಗೆ ವಾಲುತ್ತದೆ. ಬೀಳದಿರಲು ಒಂದು ಕೈ ಸದಾ ಕುರ್ಚಿಯ ತೋಳನ್ನು ಹಿಡಿದಿರಲೇಬೇಕು. ಹಾಗೆ ಹಿಡಿದುಕೊಂಡ ಕೈಯಿಂದ ಚಾಕು ಹಿಡಿಯುವುದೆಂತು? ಮನುಷ್ಯನ ಎರಡೂ ಕೈ ಕೆಲಸಕ್ಕೆ ಒದಗಬೇಕಾದರೆ ಸೊಂಟ ನೆಲೆಯೂರಿರಬೇಕು, ತೊಡೆ ಸಮತಲದಲ್ಲಿರಬೇಕು, ಪಾದಕ್ಕೆ ಆಧಾರವಿರಬೇಕು, ಮೇಜು ಮೊಣಕೈಯ ಮಟ್ಟಕ್ಕೆ ಬರಬೇಕು. ಮೇರಿ ವರ್ಗೀಸ್ ಬಿಡಿಸಿದ ಒಂದೊಂದು ಬೆರಳಿನ ಹಿಂದೆಯೂ ಸರಿಯಾಗಿ ಕೂತ ಒಂದು ದೇಹವಿತ್ತು.

ಇನ್ನೊಂದು ಸಂಗತಿಯನ್ನು ಹೇಳದೆ ಮುಂದುವರಿಯಲಾರೆ. ರೋಗಿಯ ಬೆರಳಿಗೆ ನೋವಿನ ಅರಿವಿಲ್ಲ. ವೈದ್ಯೆಯ ಪೃಷ್ಠಕ್ಕೂ ಅರಿವಿಲ್ಲ. ಬಿಸಿ ಲೋಟ ಹಿಡಿದ ರೋಗಿ ಬೆರಳನ್ನು ಕಣ್ಣಿನಿಂದ ಕಾಯಬೇಕು. ಕುರ್ಚಿಯಲ್ಲಿ ಕೂತ ವೈದ್ಯೆ ತನ್ನ ಮೈಯನ್ನು ಗಡಿಯಾರದಿಂದ ಕಾಯಬೇಕು. ನಾವು ನೀವು ಸಿನಿಮಾ ನೋಡುವಾಗ ಅರಿವಿಲ್ಲದೆಯೇ ನೂರು ಬಾರಿ ಮಿಸುಕಾಡುತ್ತೇವೆ. ಕೂರುವ ಮೂಳೆಗಳ ಕೆಳಗೆ ಒತ್ತಿಹೋದ ಸಣ್ಣ ರಕ್ತನಾಳಗಳು ನೋವಿನ ಮೂಲಕ ದೂರು ಸಲ್ಲಿಸುವುದರಿಂದ ನಾವು ಬಚಾವಾಗುತ್ತೇವೆ. ಬೆನ್ನುಹುರಿ ತುಂಡಾದವರಲ್ಲಿ ಆ ದೂರು ಮೆದುಳನ್ನು ತಲುಪುವುದಿಲ್ಲ. ತಾಸುಗಟ್ಟಲೆ ರಕ್ತ ಹರಿಯದ ಮಾಂಸ ಒಳಗಿನಿಂದಲೇ ಸಾಯುತ್ತದೆ. ಚರ್ಮದ ಮೇಲೆ ಕೆಂಪು ಮಚ್ಚೆ ಕಾಣುವ ಹೊತ್ತಿಗೆ ಒಳಗೆ ಹಾನಿಯಾಗಿರಬಹುದು.

ಇದನ್ನು ನಾನು ಪುಸ್ತಕದಿಂದ ಕಲಿತೆ ಎಂದು ಹೇಳಿಕೊಂಡರೆ ಅರ್ಧ ಸುಳ್ಳಾಗುತ್ತದೆ. ವೃತ್ತಿಯ ಆರಂಭದ ದಿನಗಳಲ್ಲಿ ಸಿರುಗುಪ್ಪ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಬತ್ತದ ಮೂಟೆ ತುಂಬಿದ ಟ್ರ್ಯಾಕ್ಟರಿನಿಂದ ಬಿದ್ದು ಕಾಲಿನ ಸ್ವಾಧೀನ ಕಳೆದುಕೊಂಡಿದ್ದ ತರುಣನೊಬ್ಬನಿಗೆ ಕುರ್ಚಿ ಕೊಡಿಸಿದೆ. ಇದ್ದದ್ದು 18 ಅಂಗುಲ ಅಗಲದ ಕುರ್ಚಿ. ಅವನ ಸೊಂಟ 14 ಅಂಗುಲ. ಇಲ್ಲದ್ದಕ್ಕಿಂತ ಇದ್ದದ್ದು ಮೇಲೆಂದು ಸಮಾಧಾನಪಟ್ಟೆ. ಮೇಲೊಂದು ಸಾಧಾರಣ ಸ್ಪಂಜಿನ ದಿಂಬು ಹಾಕಿದೆ. ಕೂತ ಮೇಲೆ ದಿಂಬಿನ ಕೆಳಗೆ ಕೈಯಿಟ್ಟು, ಮೂಳೆ ತಳಕ್ಕೆ ತಾಗುತ್ತಿದೆಯೇ ಎಂದು ಪರೀಕ್ಷಿಸಲಿಲ್ಲ. ಐದು ವಾರದ ನಂತರ ಹೋದಾಗ ಎಡ ಪೃಷ್ಠದಲ್ಲಿ ನಾಲ್ಕಾಣೆಯಷ್ಟು ಬಾಯಿಯ ಹುಣ್ಣು. ಒಳಗೆ ಬೆರಳು ಹೋಗುವಷ್ಟು ಆಳ. ಅವನು ನಾಲ್ಕು ತಿಂಗಳು ಬೋರಲಾಗಿ ಮಲಗಬೇಕಾಯಿತು. ಅವನ ತಾಯಿ ನನ್ನನ್ನು ಬೈಯಲಿಲ್ಲ, ಕುರ್ಚಿ ಕೊಟ್ಟ ಪುಣ್ಯಾತ್ಮರೆಂದೇ ನೆರೆಯವರಿಗೆ ಪರಿಚಯಿಸಿದರು. ಆ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ.

ಮೇರಿಯ ಬದುಕಿನ ಎರಡನೆಯ ತಿರುವು ಕಾಣುವುದು ವಿದೇಶದಲ್ಲಿ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಸ್ವತಃ ಪುನಶ್ಚೇತನ ಚಿಕಿತ್ಸೆ ಪಡೆದು, ತನ್ನ ದೇಹವನ್ನು ತಾನೇ ನಿಭಾಯಿಸುವ ವಿದ್ಯೆಯನ್ನು ಅವರು ಕಲಿತರು. ಬೆನ್ನುಹುರಿಯ ಪೆಟ್ಟಿಗೆ ಅದರದೇ ಆದ ಒಂದು ಶಾಸ್ತ್ರವಿದೆ, ಅದರಲ್ಲಿ ವೈದ್ಯ, ದಾದಿ, ಭೌತಚಿಕಿತ್ಸಕ, ಬಡಗಿ, ಕಮ್ಮಾರ ಎಲ್ಲರಿಗೂ ಪಾಲಿದೆ ಎಂಬುದು ಅವರಿಗೆ ಮನವರಿಕೆಯಾಯಿತು. ಅಲ್ಲಿಂದ ನ್ಯೂಯಾರ್ಕಿಗೆ ತೆರಳಿ, ಈ ಶಾಸ್ತ್ರದ ಪ್ರವರ್ತಕರಲ್ಲೊಬ್ಬರಾದ ಹೋವರ್ಡ್ ರಸ್ಕ್ ಅವರ ಸಂಸ್ಥೆಯಲ್ಲಿ ತರಬೇತಿ ಪಡೆದರು. ಶಸ್ತ್ರವೈದ್ಯೆಯಾಗಿ ಹೆಸರು ಮಾಡುತ್ತಿದ್ದಾಗ ಆ ಹಾದಿಯನ್ನು ಬದಿಗಿರಿಸಿ, ದೇಶದಲ್ಲಿ ಹೆಚ್ಚು ಜನ ಕೇಳಿಯೇ ಇರದ ವಿಭಾಗವೊಂದಕ್ಕೆ ವಿದ್ಯಾರ್ಥಿಯಾಗುವುದು ಸಣ್ಣ ನಿರ್ಧಾರವಲ್ಲ. ನನ್ನ ದೃಷ್ಟಿಯಲ್ಲಿ ಶಸ್ತ್ರಚಿಕಿತ್ಸೆಗಿಂತಲೂ ದೊಡ್ಡ ಸಾಹಸ ಅದೇ.

1963ರಲ್ಲಿ ಅವರು ವೆಲ್ಲೂರಿನ ಭೌತವೈದ್ಯ ಮತ್ತು ಪುನಶ್ಚೇತನ ವಿಭಾಗದ ಹೊಣೆ ಹೊತ್ತರು. ಅದೇ ವರ್ಷ ಅಮೆರಿಕದ ಲೇಖಕಿ ಡೊರೊತಿ ಕ್ಲಾರ್ಕ್ ವಿಲ್ಸನ್ ಬರೆದ ಅವರ ಜೀವನಚರಿತ್ರೆ ಪ್ರಕಟವಾಗಿ, ಹೊರದೇಶಗಳಲ್ಲಿ ಅವರ ಹೆಸರು ಮನೆಮಾತಾಯಿತು. 1966ರಲ್ಲಿ ಊರ ಹೊರಗಿನ ಬಾಗಾಯಂ ಆವರಣದಲ್ಲಿ ಒಳರೋಗಿಗಳ ಪುನಶ್ಚೇತನ ಸಂಸ್ಥೆ ಆರಂಭವಾಯಿತು. ಬೆನ್ನುಹುರಿ ಘಾಸಿಗೊಂಡವರು ಅಲ್ಲಿ ತಂಗಿ, ಹಾಸಿಗೆಯಿಂದ ಕುರ್ಚಿಗೆ ತಾವಾಗಿಯೇ ಜರುಗುವುದನ್ನು, ಮೈಯನ್ನು ಎತ್ತಿ ಇಳಿಸುವುದನ್ನು, ಕನ್ನಡಿ ಹಿಡಿದು ಚರ್ಮ ನೋಡಿಕೊಳ್ಳುವುದನ್ನು ಕಲಿಯಬಹುದಾಗಿತ್ತು. 1972ರಲ್ಲಿ ಭಾರತ ಸರ್ಕಾರ ಪದ್ಮಶ್ರೀ ನೀಡಿತು. 1986ರಲ್ಲಿ ಅವರು ತೀರಿಕೊಂಡಾಗ ಅಪಘಾತವಾಗಿ ಮೂವತ್ತೆರಡು ವರ್ಷ ಕಳೆದಿತ್ತು. ಆ ಮೂವತ್ತೆರಡು ವರ್ಷವನ್ನು ಕುರ್ಚಿಯ ಮೇಲೆ ಕಳೆಯುವುದೇ ಅಂದಿನ ಕಾಲಕ್ಕೆ ಒಂದು ವೈದ್ಯಕೀಯ ಸಾಧನೆಯಾಗಿತ್ತು.

ಬಳ್ಳಾರಿಯವರಿಗೆ ನೆನಪಿಸಬೇಕಾದ ಇನ್ನೊಂದು ಹೆಸರಿದೆ. ಆಸ್ಪತ್ರೆಯ ಪಡಸಾಲೆಗಳಲ್ಲಿ ನಾವು ಕಾಣುವ, ಕತ್ತರಿಯಂತೆ ಮಡಚುವ ಗಾಲಿಕುರ್ಚಿಯನ್ನು 1933ರಲ್ಲಿ ಅಮೆರಿಕದಲ್ಲಿ ರೂಪಿಸಿದವರು ಹರ್ಬರ್ಟ್ ಎವರೆಸ್ಟ್ ಮತ್ತು ಹ್ಯಾರಿ ಜೆನಿಂಗ್ಸ್ ಎಂಬ ಎಂಜಿನಿಯರುಗಳು. ಎವರೆಸ್ಟ್ ಗಣಿ ಎಂಜಿನಿಯರ್. ಬೆನ್ನು ಮುರಿದುಕೊಂಡದ್ದು ಗಣಿ ಅಪಘಾತದಲ್ಲಿ. ಕಾರಿನೊಳಗೆ ಇಟ್ಟುಕೊಳ್ಳಬಹುದಾದ ಕುರ್ಚಿ ಅವರಿಗೆ ಬೇಕಿತ್ತು. ಗಣಿಯಿಂದಲೇ ಹೆಸರಾದ, ಗಣಿ ಲಾರಿಗಳು ಅಷ್ಟೊಂದು ಬೆನ್ನುಗಳನ್ನು ಮುರಿದ ನಮ್ಮ ಜಿಲ್ಲೆಯಲ್ಲಿ ಆ ಕುರ್ಚಿಯ ಮೂಲ ಯಾರಿಗೂ ತಿಳಿದಿಲ್ಲದಿರುವುದು ಒಂದು ವಿಪರ್ಯಾಸ. ಅದು ಡಾಂಬರು ರಸ್ತೆಯ ಕುರ್ಚಿ ಎಂಬುದನ್ನೂ ನಾವು ಮರೆತಿದ್ದೇವೆ. ಸಿರುಗುಪ್ಪದ ಎರೆಮಣ್ಣು ನೆನೆದರೆ ಅದರ ಮುಂದಿನ ಪುಟ್ಟ ಗಾಲಿ ಹೂತುಹೋಗುತ್ತದೆ. ಗಣಿ ಸೀಮೆಯ ಕೆಂಧೂಳು ಬೇರಿಂಗಿಗೆ ಹೊಕ್ಕು ಗಾಲಿ ಬಿಗಿಯುತ್ತದೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ರೆಕ್ಸಿನ್ ಆಸನದ ಮೇಲೆ ಬೆವರಿ ಮೆತ್ತಗಾದ ಚರ್ಮ ಬೇಗ ಒಡೆಯುತ್ತದೆ. ಉದ್ದನೆಯ ಗಾಲಿನೆಲೆಯ ಮೂರು ಚಕ್ರದ ಕುರ್ಚಿಗಳು ನಮ್ಮ ಹೊಲದ ದಾರಿಗಳಿಗೆ ಎಷ್ಟೋ ವಾಸಿ.

ಕುರ್ಚಿ ಹಂಚುವ ಶಿಬಿರಗಳ ಬಗ್ಗೆ ನನಗೆ ಅಗೌರವವಿಲ್ಲ, ಅಸಮಾಧಾನವಿದೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಮಾರ್ಗಸೂಚಿ ಗಾಲಿಕುರ್ಚಿ ಒದಗಿಸುವ ಕೆಲಸವನ್ನು ಎಂಟು ಹಂತಗಳಲ್ಲಿ ವಿವರಿಸುತ್ತದೆ. ಪರೀಕ್ಷೆ, ಅಳತೆ, ಆಯ್ಕೆಗಳಿಂದ ತೊಡಗಿ ಬಳಕೆಯ ತರಬೇತಿ, ದುರಸ್ತಿಯವರೆಗೆ ಅದರ ವ್ಯಾಪ್ತಿ. ಶಿಬಿರಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಒಂದೇ ಹಂತ: ವೇದಿಕೆಯ ಮೇಲಿಂದ ಕೊಡುವುದು. ಫೋಟೊ ತೆಗೆದಾದ ಮೇಲೆ ಕುರ್ಚಿ ಲಾರಿ ಹತ್ತಿ ಊರಿಗೆ ಹೋಗುತ್ತದೆ. ಕೆಲವು ತಿಂಗಳಲ್ಲಿ ಅದರ ಮೇಲೆ ಬತ್ತದ ಚೀಲವನ್ನೋ ನೀರಿನ ಕೊಡವನ್ನೋ ಕಂಡಿದ್ದೇನೆ. ಗ್ರಾಮ ಪಂಚಾಯಿತಿಗಳಲ್ಲಿ ವಿಕಲಚೇತನರಿಗಾಗಿಯೇ ನೇಮಕಗೊಂಡ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರಿಗೆ ಅಳತೆ ತೆಗೆಯುವುದನ್ನು, ದಿಂಬಿನ ಕೆಳಗೆ ಕೈಯಿಟ್ಟು ನೋಡುವುದನ್ನು ಕಲಿಸಲು ಹೊಸ ಯೋಜನೆಯೇನೂ ಬೇಕಿಲ್ಲ. ಬೆಂಗಳೂರಿನ ಮೊಬಿಲಿಟಿ ಇಂಡಿಯಾದಂಥ ಸಂಸ್ಥೆ 1994ರಿಂದ ಈ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿದೆ.

ಕುರುಗೋಡಿನ ಓಣಿಯೊಂದರಲ್ಲಿ, ದೊಡ್ಡಬಸವೇಶ್ವರ ಗುಡಿಗೆ ಹೋಗುವ ಕಡೆ, ಬೆನ್ನುಹುರಿಗೆ ಪೆಟ್ಟಾದ ಹೆಣ್ಣುಮಗಳೊಬ್ಬಳಿದ್ದಾಳೆ. ಕಾಲಿನಿಂದ ತುಳಿಯುತ್ತಿದ್ದ ಹೊಲಿಗೆ ಯಂತ್ರಕ್ಕೆ ಮೋಟಾರು ಕೂರಿಸಿ, ಕುರ್ಚಿಯ ತೋಳು ಒಳಗೆ ಹೋಗುವಂತೆ ಮೇಜಿನ ಕಾಲುಗಳಿಗೆ ಎರಡೆರಡು ಇಟ್ಟಿಗೆ ಕೊಟ್ಟಿದ್ದೇವೆ. ಗಡಿಯಾರದ ಮೇಲೆ ಆಕೆಗೆ ನಂಬಿಕೆ ಇಲ್ಲ. ಒಂದೊಂದು ರವಿಕೆಯ ತೋಳು ಮುಗಿದಾಗಲೂ ಎರಡೂ ಅಂಗೈ ಊರಿ ಮೈಯನ್ನು ಎತ್ತಿ ಇಳಿಸುತ್ತಾಳೆ. ಮೇರಿ ವರ್ಗೀಸರ ಕತೆಯನ್ನು ಆಕೆಗೂ ಹೇಳಿದ್ದೆ. ಆಕೆ ಕೇಳಿದ್ದು ಪದ್ಮಶ್ರೀಯ ಬಗ್ಗೆಯಲ್ಲ, ಆ ವೈದ್ಯೆ ಬಚ್ಚಲಿಗೆ ಹೇಗೆ ಹೋಗುತ್ತಿದ್ದಳೆಂದು. ಕಳೆದ ಸಲ ಹೋದಾಗ ನನ್ನ ಟೇಪನ್ನು ಇಸಿದುಕೊಂಡು, ಬಚ್ಚಲ ಬಾಗಿಲಿನ ಅಗಲವನ್ನು ತಾನೇ ಅಳೆದಳು. ಬಾಗಿಲು 23 ಅಂಗುಲ, ಕುರ್ಚಿ 24. ಚೌಕಟ್ಟು ಬದಲಿಸಲು ಬಡಗಿಗೆ ಹೇಳಿಬಂದಿದ್ದೇನೆ.